ಲಾಭ ಬಂದರೂ ಷೇರು ಬೀಳುವುದು ಯಾಕೆ?

ಪ್ರಶ್ನೆ: ಇನ್ಫೋಸಿಸ್‌ಗೆ ಲಾಭ ಜಾಸ್ತಿ ಬಂತು ಅಂತ ಸಂಜೆ ಸುದ್ದಿ ಬರುತ್ತದೆ, ಬೆಳಗ್ಗೆ ನೋಡಿದರೆ ಷೇರು ಕೆಳಗೆ! ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ರಾತ್ರಿಯೇ ಅಮೆರಿಕದ ಬೆಲೆ ನೋಡಿ, ‘ನಾಳೆ ಬೀಳುತ್ತೆ, ಮಾರ್ಕೆಟ್ ತೆರೆದ ತಕ್ಷಣ ಮಾರಿ’ ಅನ್ನುತ್ತಾರೆ. ಹಾಗೆ ಮಾಡಬಹುದಾ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಮೇಡಂ, ಲಾಭ ಆಗಿಹೋದ ಮೂರು ತಿಂಗಳ ಲೆಕ್ಕ. ಷೇರು ಕೊಳ್ಳುವವರು ನೋಡುವುದು ಮುಂದಿನದನ್ನು. ಈ ವರ್ಷ ಆದಾಯ ಶೇಕಡಾ ಎಷ್ಟು ಬೆಳೆಯಬಹುದು ಅಂತ ಕಂಪನಿ ಒಂದು ಅಂದಾಜು ಕೊಡುತ್ತದಲ್ಲ, ಗೈಡೆನ್ಸ್ ಅಂತಾರೆ, ಪೇಟೆ ಮೊದಲು ಕಣ್ಣು ಹಾಕುವುದು ಅದರ ಮೇಲೆ. 2003ರ ಏಪ್ರಿಲ್ 10ರಂದು ಹೀಗೇ ಆಯಿತು. ಹಿಂದಿನ ವರ್ಷದ ಲಾಭ ಏರಿಯೇ ಇತ್ತು, ಆದರೆ ಮುಂದಿನ ವರ್ಷದ ಅಂದಾಜು ಪೇಟೆ ಎಣಿಸಿದ್ದಕ್ಕಿಂತ ಕಡಿಮೆ ಬಂತು. ಒಂದೇ ದಿನದಲ್ಲಿ ಷೇರು ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅವತ್ತೂ ಎಂದಿನಂತೆ ಕೆಲಸ ನಡೆದೇ ಇತ್ತು, ಅಲ್ವಾ?

ಇನ್ನು ರಾತ್ರಿಯ ಬೆಲೆ. ನ್ಯೂಯಾರ್ಕ್ ಪೇಟೆಯಲ್ಲಿ ಇನ್ಫೋಸಿಸ್ ಎಡಿಆರ್ ರೂಪದಲ್ಲಿ, ಅಂದರೆ ಇಲ್ಲಿನ ಷೇರಿನ ಬದಲಿಗೆ ಅಲ್ಲಿ ಕೈಬದಲಾಗುವ ರಸೀದಿಯಾಗಿ ವಹಿವಾಟಾಗುತ್ತದೆ, ಒಂದು ಎಡಿಆರ್ ಅಂದರೆ ಇಲ್ಲಿನ ಒಂದು ಷೇರು. ಅದು 18 ಡಾಲರ್, ಡಾಲರಿಗೆ 85 ರೂಪಾಯಿ ಅಂತ ಇಟ್ಟುಕೊಂಡರೆ 1,530 ರೂಪಾಯಿ ಆಯಿತು. ನಿಮ್ಮ ಗುಂಪಿನವರು ಹಾಕುವ ಗುಣಾಕಾರ ಇಷ್ಟೇ. ಲೆಕ್ಕವೇನೋ ಸರಿ, ಆದರೆ ಅಲ್ಲಿ ಪೇಟೆ ತೆರೆಯುವಾಗ ನಮಗೆ ರಾತ್ರಿ ಏಳೋ ಎಂಟೋ ಗಂಟೆ, ಮುಂಬೈಯಲ್ಲಿ ಬಾಗಿಲು ಹಾಕಿ ಎಷ್ಟೋ ಹೊತ್ತಾಗಿರುತ್ತದೆ. ಅದೇ ಬೆಲೆಯನ್ನು ದೊಡ್ಡ ಫಂಡ್‌ಗಳೂ ನೋಡಿರುತ್ತವೆ. ಬೆಳಗ್ಗೆ 9ಕ್ಕೆ ಪ್ರೀ-ಓಪನ್‌ನಲ್ಲಿ, ಅಂದರೆ ವಹಿವಾಟಿಗೆ ಮುಂಚೆ ಆರಂಭದ ಬೆಲೆ ಗೊತ್ತುಮಾಡುವ ಹೊತ್ತಿನಲ್ಲಿ, ಎಲ್ಲರ ಆರ್ಡರೂ ಬಂದು ಬೀಳುತ್ತದೆ, 9.15ಕ್ಕೆ ನೀವು ಮಾರಲು ಹೋಗುವಷ್ಟರಲ್ಲಿ ಬೀಳಬೇಕಾದದ್ದು ಬಹುಪಾಲು ಬಿದ್ದಾಗಿರುತ್ತದೆ. ಸುಮ್ನೆ ಕಡಿಮೆ ಬೆಲೆಗೆ ಕೊಟ್ಟು ಬರುತ್ತೀರಿ, ಬ್ರೋಕರ್‌ಗೆ ಕಮಿಷನ್ ಬೇರೆ.

2019ರ ಅಕ್ಟೋಬರ್ 22 ನೆನಪಿದೆಯಾ? ಲೆಕ್ಕಪತ್ರದಲ್ಲಿ ಅಕ್ರಮ ಇದೆ ಅಂತ ಅನಾಮಧೇಯ ದೂರು ಹೊರಬಂದು ಷೇರು ಶೇ. 16ರಷ್ಟು ಬಿತ್ತು. ದೂರಿಗೆ ಪುರಾವೆ ಇಲ್ಲ ಅಂತ ಕಂಪನಿಯ ಆಡಿಟ್ ಸಮಿತಿ ಹೇಳಿದ್ದು 2020ರ ಜನವರಿಯಲ್ಲಿ. ಅವತ್ತು ಹೆದರಿ ಮಾರಿದವರಿಗೆ ಅಷ್ಟರಲ್ಲಿ ದುಡ್ಡು ಹೋಗಿತ್ತು. ನಿಮಗೆ ಮುಂದಿನ ಆರು ತಿಂಗಳಲ್ಲಿ ಹಣದ ತುರ್ತಿದ್ದರೆ ಆ ಮಾತು ಬೇರೆ. ಹಾಗಿದ್ದರೆ ಫಲಿತಾಂಶದ ದಿನ ಕಾಯದೆ ಮೊದಲೇ ಸ್ವಲ್ಪ ಸ್ವಲ್ಪ ಮಾರಿ.

ಪ್ರಶ್ನೆ: ಅಪ್ಪ ದಿನಾ ಡೈರಿಯಲ್ಲಿ ಷೇರಿನ ಬೆಲೆ ಬರೆದಿಡುತ್ತಿದ್ದರು. 2018ರ ಸೆಪ್ಟೆಂಬರ್ ಮೊದಲ ವಾರ ಇನ್ಫೋಸಿಸ್ 1,400ರ ಮೇಲಿದ್ದದ್ದು ಮರುದಿನ 700ರ ಚಿಲ್ಲರೆ. ಮೊಬೈಲ್ ಆ್ಯಪ್‌ನಲ್ಲಿ ಅಂಥ ಕುಸಿತವೇ ಇಲ್ಲ. ಯಾವುದು ಸರಿ?
– ಓದುಗ, ಧಾರವಾಡ

ಉತ್ತರ: ಎರಡೂ ಸರಿ. ಆಗ ಕಂಪನಿ ಒಂದು ಷೇರಿಗೆ ಇನ್ನೊಂದನ್ನು ಬೋನಸ್ ಅಂತ ಪುಕ್ಕಟೆಯಾಗಿ ಕೊಟ್ಟಿತು. ಷೇರು ಎರಡಾಯಿತು, ಬೆಲೆ ಅರ್ಧ ಆಯಿತು, ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ. ಆ್ಯಪ್ ಹಳೆಯ ಬೆಲೆಗಳನ್ನೂ ಅರ್ಧ ಮಾಡಿ ತೋರಿಸುತ್ತದೆ, ಅಪ್ಪ ಕಂಡದ್ದನ್ನು ಬರೆದರು. ಡೈರಿ ಎಸೆಯಬೇಡಿ. ಮಾರುವಾಗ ಆ ಬೋನಸ್ ಷೇರಿನ ಖರೀದಿ ಬೆಲೆ ತೆರಿಗೆ ಲೆಕ್ಕದಲ್ಲಿ ಸೊನ್ನೆ, ಮೂಲ ಷೇರನ್ನು ಅಪ್ಪ ಯಾವಾಗ ಎಷ್ಟಕ್ಕೆ ಕೊಂಡರು ಅನ್ನುವುದನ್ನು ಮಾತ್ರ ಅದರಲ್ಲಿ ಹುಡುಕಿ ಆಡಿಟರಿಗೆ ಕೊಡಿ.