ಮೀಸೆ ಸವೆದ ಕೋರಿ

ಪ್ರಶ್ನೆ: ಎರಡೂವರೆ ಅಡಿ ಮೀನಿನ ಟ್ಯಾಂಕಿಗೆ ಮೂರು ಕೋರಿಡೋರಾಸ್ (ತಳದಲ್ಲಿ ಓಡಾಡುವ ಪುಟ್ಟ ಮೀಸೆ ಮೀನು, ಕರೆಯೋದು ಕೋರಿ ಅಂತ) ತಂದು ಎರಡು ತಿಂಗಳಾಯಿತು. ತಳದ ಕೊಳೆಯೆಲ್ಲ ತಿನ್ನುತ್ತವೆ ಅಂತ ಅಂಗಡಿಯಲ್ಲಿ ಹೇಳಿದ್ದರು. ಈಗ ಮೀಸೆ ಸವೆದು ಗಿಡ್ಡವಾಗಿದೆ. ಆಗಾಗ ಸರ್ರನೆ ಮೇಲೆ ಹೋಗಿ ಬರುತ್ತವೆ. ಉಸಿರು ಕಟ್ಟುತ್ತಿದೆಯಾ? ಮನೆ ಕಟ್ಟಿಸಿದಾಗ ಉಳಿದಿದ್ದ ಎಂ-ಸ್ಯಾಂಡ್ ತಳಕ್ಕೆ ಹಾಕಿದ್ದೇನೆ.
– ಓದುಗರು, ಹಾಸನ

ಉತ್ತರ: ಕೊನೆ ಸಾಲಲ್ಲಿ ಅರ್ಧ ಉತ್ತರ ನೀವೇ ಬರೆದಿದ್ದೀರಿ. ಎಂ-ಸ್ಯಾಂಡ್ ಅಂದರೆ ಪುಡಿ ಮಾಡಿದ ಕಲ್ಲು. ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ ನೋಡಿ, ಚುಚ್ಚುತ್ತದೆ. ಕೋರಿ ಮೂತಿಯನ್ನು ಕಣ್ಣಿನವರೆಗೂ ಮರಳಿಗೆ ತೂರಿಸುತ್ತದೆ. ಬಾಯಿ ತುಂಬ ಮರಳು ಎಳೆದು, ತಿನ್ನುವುದನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಕಿವಿರಿನಿಂದ ಉದುರಿಸುತ್ತದೆ. ದಿನವಿಡೀ ಇದೇ ಕೆಲಸ. ಚೂಪು ಮರಳಲ್ಲಿ ಮೀಸೆ ಉಳಿಯುತ್ತದಾ?

ನಾನೂ ಎಡವಿದವನೇ. ಚಿಕ್ಕಮಗಳೂರಿನ ನಮ್ಮ ಮನೆ ಟ್ಯಾಂಕಿಗೆ ಮೊದಲು ಬಣ್ಣದ ಕಲ್ಲು ಹಾಕಿದ್ದೆ. ಆರರಲ್ಲಿ ಎರಡು ಸತ್ತವು. ಕಲ್ಲು ಎತ್ತಿದರೆ ಕೆಳಗೆ ಕಪ್ಪು ರಾಡಿ, ಕೊಳೆತ ಮೊಟ್ಟೆಯ ವಾಸನೆ. ಮೀಸೆ ತಿನ್ನುವುದರಲ್ಲಿ ಚೂಪಿನಷ್ಟೇ ಪಾಲು ಈ ಗಲೀಜಿಗೂ ಇದೆ.

ನುಣುಪಾದ ಹೊಳೆ ಮರಳು ಒಂದು ಬಕೆಟ್ ಸಿಕ್ಕರೆ ಸಾಕು. ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆಯಿರಿ. ಒಂದು ಹಿಡಿಗೆ ವಿನೆಗರ್ ಬಿಡಿ. ನೊರೆ ಬಂದರೆ ಸುಣ್ಣ ಇದೆ, ಬೇಡ. ಒಂದೂವರೆ ಇಂಚು ಹಾಸಿ. ಮರಳು ಬದಲಿಸುವಾಗ ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನ ಹಳೇ ನೀರಲ್ಲೇ ಮುಳುಗಿಸಿಡಿ, ನಲ್ಲಿ ಕೆಳಗೆ ತೊಳೆಯಬೇಡಿ. ವಾರಕ್ಕೆ ಕಾಲು ಭಾಗ ನೀರು ಬದಲಿಸಿ. ಬುಡ ಉಳಿದಿದ್ದರೆ ಮೀಸೆ ಮತ್ತೆ ಬೆಳೆಯುತ್ತದೆ. ಮೀನು ಹಿಡಿಯಲು ಬಲೆ ಬೇಡ, ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಸ್ಟೀಲ್ ಮಗ್ ಸಾಕು.

ಮೇಲೆ ಹೋಗಿ ಬರುವುದು ಅವುಗಳ ಹುಟ್ಟುಗುಣ. ಗಾಳಿ ನುಂಗಿ ಕರುಳಿನಿಂದಲೂ ಉಸಿರಾಡುತ್ತವೆ. ನಿಮಿಷಕ್ಕೆ ಮೂರ್ನಾಲ್ಕು ಸಲ ಓಡಿದರೆ ಮಾತ್ರ ನೀರಿನಲ್ಲಿ ಏನೋ ಸರಿಯಿಲ್ಲ ಅನ್ನಿ.

ಇನ್ನು ಕೊಳೆ ತಿನ್ನುವ ಮಾತು. ಅದು ಮೀನು ಮಾರೋಕೆ ಹೇಳುವ ಮಾತು. ಹಿಕ್ಕೆ ತಿಂದು ಕೋರಿ ಬದುಕಲ್ಲ. ರಾತ್ರಿ ಲೈಟ್ ಆರಿಸಿದ ಮೇಲೆ ಮುಳುಗುವ ಗುಳಿಗೆ ಹಾಕಿ. ಹಗಲಲ್ಲಿ ಹಾಕಿದರೆ ಮೇಲಿನ ಮೀನುಗಳೇ ಖಾಲಿ ಮಾಡುತ್ತವೆ. ಮೂರು ಸಾಲದು, ಅದೇ ಜಾತಿಯ ಇನ್ನೂ ಮೂರು ಸೇರಿಸಿ. ಆದರೆ ಮೊದಲು ಮರಳು.

ಪ್ರಶ್ನೆ: ನಮ್ಮ ಮಲೆನಾಡಿನ ಚಳಿಗೆ ಹೀಟರ್ ಬೇಕೇ ಬೇಕಾ?
– ಓದುಗರು, ಮೂಡಿಗೆರೆ

ಉತ್ತರ: ಚುಕ್ಕೆಯ ಪೆಪ್ಪರ್ಡ್ ಕೋರಿ ಸಾಕುವುದಾದರೆ ಬೇಡ. 20 ಡಿಗ್ರಿಯಲ್ಲೂ ಆರಾಮಾಗಿರುತ್ತದೆ. ಡಾರ್ವಿನ್ ಬೀಗಲ್ ಹಡಗಿನ ಪ್ರಯಾಣದಲ್ಲಿ ದಕ್ಷಿಣ ಅಮೆರಿಕದಿಂದ ತಂದ ಮೀನುಗಳಲ್ಲಿ ಇದೂ ಒಂದು, 1842ರಲ್ಲಿ ಹೆಸರು ಬಿತ್ತು. ಕಳೆದ ಜುಲೈ ಮಳೆಯಲ್ಲಿ ಹಳೇ ನೀರು ತೆಗೆದು ತಣ್ಣನೆ ನೀರು ಹಾಕಿದ್ದೆ. ಮರುದಿನ ಬೆಳಿಗ್ಗೆ ಗಾಜಿನ ಮೇಲೆ ಸಾಸಿವೆಯಷ್ಟು ಮೊಟ್ಟೆ ಅಂಟಿಸಿಟ್ಟಿದ್ದವು! ಹಳೇ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಬಿಡಿಸಿ ಬೇರೆ ಡಬ್ಬಿಗೆ ಹಾಕಿದೆ. ಇಲ್ಲದಿದ್ದರೆ ತಾವೇ ತಿಂದು ಮುಗಿಸುತ್ತವೆ.