ಪೆಲೆಟ್ ಒಲೆ: ಜಾಸ್ತಿ ಸುರಿದ್ರೆ ಉರಿ ಜಾಸ್ತಿ ಆಗಲ್ಲ

ಪ್ರಶ್ನೆ: ಸರ್, ನಾವು ಮೂರು ಮಂದಿ ಹೆಣ್ಣುಮಕ್ಕಳು ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರ್ತೀವಿ. ಗ್ಯಾಸ್ ಖರ್ಚು ತಾಳಲಾರದೆ ಫ್ಯಾನ್ ಇರೋ ಪೆಲೆಟ್ ಒಲೆ (ಮರದ ಹೊಟ್ಟು, ಹೊಲದ ಕಸ ಒತ್ತಿ ಮಾಡಿದ ಸಣ್ಣ ತುಂಡು ಉರಿಸೋ ಒಲೆ) ತಗೊಂಡ್ವಿ. ಮೊದಲ ತಿಂಗಳು ಉರಿ ಚಲೋ ಇತ್ತು. ಈಗ ಒಲೆ ತುಂಬ ಪೆಲೆಟ್ ಹಾಕಿ ಫ್ಯಾನ್ ಫುಲ್ ಇಟ್ಟರೂ ಹಂಚು ಕಾಯಲ್ಲ, ರೊಟ್ಟಿ ಉಬ್ಬಲ್ಲ, ಮೇಲೆ ಕಣ್ಣುರಿ ಹೊಗೆ. ಒಲೆ ಮಾರಿದವರನ್ನು ಕೇಳಿದ್ರೆ ಪೆಲೆಟ್ ಇನ್ನೂ ಹಾಕ್ರಿ ಅಂತಾರೆ. ಏನು ಮಾಡೋಣ?
– ಓದುಗರು, ಕಲಬುರಗಿ

ಉತ್ತರ: ಅಕ್ಕಾರೆ, ಪೆಲೆಟ್ ಜಾಸ್ತಿ ಹಾಕೋದನ್ನೇ ಮೊದಲು ನಿಲ್ಲಿಸಿ. ಹೊಗೆಗೆ ಅರ್ಧ ಕಾರಣ ಅದೇ.

ಒಲೆ ಪೂರ್ತಿ ಆರಿದ ಮೇಲೆ ಒಳಗಿನ ಕಬ್ಬಿಣದ ಬಟ್ಟಲನ್ನು ಹೊರಗೆ ತೆಗೆದು ಬಾಗಿಲ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ತೂತುಗಳಿವೆ, ಮೇಲೆ ಅಂಚಿನ ಹತ್ತಿರ ಇನ್ನೊಂದು ಸಾಲು ತೂತುಗಳಿವೆ ಅಲ್ವಾ? ತಳದ ಗಾಳಿ ಪೆಲೆಟ್ಟನ್ನು ಕೆಂಡ ಮಾಡುತ್ತದೆ, ಆ ಬಿಸಿಗೆ ಪೆಲೆಟ್ಟಿನಿಂದ ಹೊಗೆಯಂಥ ಅನಿಲ ಏಳುತ್ತದೆ, ಅದು ಮೇಲಿನ ತೂತಿನ ಗಾಳಿಗೆ ಸಿಕ್ಕಿ ಹೊತ್ತಿಕೊಂಡಾಗಲೇ ಹಂಚು ಕಾಯಿಸುವ ಉರಿ ಬರೋದು. ಬಟ್ಟಲು ಕಂಠದವರೆಗೆ ತುಂಬಿದ್ರೆ ಮೇಲಿನ ಸಾಲು ಮುಚ್ಚಿಹೋಗುತ್ತದೆ. ಆಗ ಆ ಅನಿಲ ಉರಿಯದೆ ಹಾಗೇ ನಿಮ್ಮ ಕಣ್ಣಿಗೆ ಬರುತ್ತದೆ. ಮೇಲಿನ ತೂತಿಗಿಂತ ಎರಡು ಬೆರಳು ಕೆಳಗೇ ನಿಲ್ಲಿಸಿ, ಉರಿ ಇಳಿದಂತೆ ಒಂದೊಂದೇ ಹಿಡಿ ಹಾಕಿ.

ಇನ್ನು ತಳ. ಮೊದಲ ತಿಂಗಳು ಚೆನ್ನಾಗಿದ್ದ ಒಲೆ ಆಮೇಲೆ ಕೈಕೊಟ್ಟಿದೆ ಅಂದ್ರೆ ನನಗೆ ಅನುಮಾನ ಬರೋದು ಬೂದಿ ಮೇಲೆ. ತಳದ ತೂತುಗಳಲ್ಲಿ ಗಾಜಿನ ಥರ ಗಟ್ಟಿಯಾದ ಕಪ್ಪು ಹೆಂಟೆ ಕೂತಿರುತ್ತದೆ, ಅದು ಕಿಟ್ಟ. ಬೂದಿ ಕರಗಿ ಮತ್ತೆ ಗಟ್ಟಿಯಾದಾಗ ಹೀಗಾಗುತ್ತದೆ. ಬರೀ ಬ್ರಷ್ ಆಡಿಸಿದ್ರೆ ಹೋಗಲ್ಲ. ಹಳೇ ಸೈಕಲ್ ಕಡ್ಡಿ ತಗೊಂಡು ಒಂದೊಂದೇ ತೂತಿಗೆ ಚುಚ್ಚಿ, ಆಚೆ ಬೆಳಕು ಕಾಣೋವರೆಗೂ ಬಿಡಬೇಡಿ. ಬಟ್ಟಲಿನ ಕೆಳಗೆ ಗಾಳಿ ಬರೋ ಜಾಗದಲ್ಲಿ ಉದುರಿದ ಬೂದಿಯನ್ನೂ ತೆಗೀಬೇಕು, ಇದನ್ನೇ ಎಲ್ಲರೂ ಮರೆಯೋದು. ದಿನಾ ಬೆಳಿಗ್ಗೆ ಒಲೆ ಹಚ್ಚೋ ಮುಂಚೆ ಐದು ನಿಮಿಷ ಇದಕ್ಕೆ ಕೊಡಿ.

ಕಿಟ್ಟ ಪದೇ ಪದೇ ಕಟ್ಟಿದ್ರೆ ಪೆಲೆಟ್ ಬದಲಿಸಿ. ಮರದ ಹೊಟ್ಟಿನ ಪೆಲೆಟ್ಟಿನಲ್ಲಿ ಬೂದಿ ಕಡಿಮೆ. ಹೊಲದ ಕಸ, ಭತ್ತದ ಹೊಟ್ಟು, ಮಣ್ಣು ಸೇರಿದ ಮಾಲಿನಲ್ಲಿ ಬೂದಿ ಜಾಸ್ತಿ. ನಮ್ಮ ಜಿಲ್ಲೆ ತೊಗರಿ ಕಣಜ, ತೊಗರಿ ಕಟ್ಟಿಗೆಯ ಪೆಲೆಟ್ ಕೆಟ್ಟದ್ದೇನಲ್ಲ, ಆದ್ರೆ ಕಟ್ಟಿಗೆಯನ್ನು ಬೇರಿನ ಮಣ್ಣಿನ ಸಮೇತ ಅರೆದಿದ್ರೆ ಕಷ್ಟ. ಕೊಳ್ಳುವಾಗ ಎರಡು ಬೆರಳಲ್ಲಿ ಮುರಿದು ನೋಡಿ. ಒಳ್ಳೆಯದು ಟಕ್ ಅಂತ ಮುರಿಯುತ್ತದೆ, ಮೈ ನುಣುಪಾಗಿ ಹೊಳೆಯುತ್ತದೆ. ಒಂದು ಲೋಟ ನೀರಿಗೆ ನಾಲ್ಕು ಹಾಕಿ, ಗಟ್ಟಿ ಒತ್ತಿದ್ದು ಮುಳುಗುತ್ತದೆ, ಸಡಿಲ ಇದ್ದದ್ದು ತೇಲುತ್ತದೆ. ಚೀಲದ ತಳದಲ್ಲಿ ಪುಡಿ ಜಾಸ್ತಿ ಇದ್ರೆ ಜರಡಿ ಹಿಡಿದು ಬಳಸಿ, ಪುಡಿ ಗಾಳಿಯ ದಾರಿ ಮುಚ್ಚುತ್ತದೆ. ಮಳೆಗಾಲದಲ್ಲಿ ಚೀಲವನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ಹಾಗೇ ಇಡಬೇಡಿ, ಥಂಡಿ ಹಿಡಿಯುತ್ತದೆ. ಹಲಗೆ ಮೇಲಿಟ್ಟು ಬಾಯಿ ಬಿಗಿಯಾಗಿ ಕಟ್ಟಿ.

ಫ್ಯಾನ್ ಫುಲ್ ಬೇಡ. ಹಚ್ಚುವಾಗ ಜೋರು ಇರಲಿ, ಕೆಂಡ ಆದ ಮೇಲೆ ಇಳಿಸಿ. ಕಿಡಿ ಹಾರಿ ಉರಿ ಕುಣಿದಾಡಿದ್ರೆ ಗಾಳಿ ಜಾಸ್ತಿ ಅಂತ ಅರ್ಥ, ಹಂಚಿಗೆ ತಾಗಬೇಕಾದ ಬಿಸಿಯನ್ನು ಅದೇ ಪಕ್ಕಕ್ಕೆ ಹೊತ್ತೊಯ್ಯುತ್ತದೆ. ಉರಿ ಸೋಮಾರಿಯಾಗಿ ಉದ್ದಕ್ಕೆ ಹಳದಿಯಾಗಿ ಎದ್ದು ಹಂಚಿಗೆ ಮಸಿ ಹಿಡಿದ್ರೆ ಗಾಳಿ ಸಾಲದು. ಸಂಜೆ ವೋಲ್ಟೇಜ್ ಇಳಿದಾಗ ಫ್ಯಾನೂ ನಿಧಾನ ಆಗಬಹುದು, ಅದನ್ನೂ ಗಮನಿಸಿ. ಹಂಚು ಒಲೆಯ ಬಾಯಿಗೆ ಅಂಟಿ ಕೂತಿದ್ರೆ ಉರಿ ಉಸಿರುಗಟ್ಟುತ್ತದೆ, ಒಂದು ಬೆರಳಷ್ಟು ಸಂದು ಬೇಕು. ಹಂಚಿನ ಅಡಿಯ ಮಸಿ ತಿಕ್ಕಿ ತೆಗೆಯಿರಿ.

ಖರ್ಚಿನ ಮಾತು. ಒಳ್ಳೆ ಪೆಲೆಟ್ ಕಿಲೋಗೆ ಸುಮಾರು 4000 ಕಿಲೋಕ್ಯಾಲರಿ ಬಿಸಿ ಕೊಡುತ್ತದೆ, ಗ್ಯಾಸ್ ಸುಮಾರು 11,000. ಅಂದ್ರೆ 19 ಕಿಲೋ ಸಿಲಿಂಡರಿನ ಬಿಸಿಗೆ 50 ಕಿಲೋಗೂ ಸ್ವಲ್ಪ ಜಾಸ್ತಿ ಪೆಲೆಟ್ ಬೇಕು. ಅದಕ್ಕಿಂತ ತುಂಬಾ ಜಾಸ್ತಿ ಹೋಗ್ತಿದ್ರೆ ಒಲೆ ಸರಿಯಾಗಿ ಉರೀತಿದೆಯಾ ಅಂತ ನೋಡಿಕೊಳ್ಳಿ.

ಪ್ರಶ್ನೆ: ಬೀದರ್‌ನಲ್ಲಿ ಡಿಸೆಂಬರ್ ಚಳಿ ಅಪ್ಪನಿಗೆ ತಡೆಯಲ್ಲ. ಅಡುಗೆ ಪೆಲೆಟ್ ಒಲೆಯನ್ನೇ ರಾತ್ರಿ ಅವರ ಕೋಣೆಯಲ್ಲಿಟ್ಟು ಬಾಗಿಲು ಹಾಕಬಹುದಾ?
– ಓದುಗರು, ಬೀದರ್

ಉತ್ತರ: ಬೇಡವೇ ಬೇಡ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗಲ್ಲ. ಚಳಿ ದೇಶಗಳಲ್ಲಿ ಕೋಣೆ ಕಾಯಿಸೋ ಪೆಲೆಟ್ ಒಲೆ ಬೇರೆ ಥರದ್ದು, ಅದರ ಹೊಗೆ ಕೊಳವೆ ಮೂಲಕ ಮನೆ ಹೊರಗೇ ಹೋಗುತ್ತದೆ. ಅಪ್ಪನಿಗೆ ಇನ್ನೊಂದು ಕೌದಿ ಹೊದಿಸಿ, ಕಾಲಿನ ಹತ್ತಿರ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಡಿ. ಕೋಣೆಗೆ ಒಲೆ ಮಾತ್ರ ಒಯ್ಯಬೇಡಿ, ಕಿಟಕಿ ತೆರೆದಿದ್ದರೂ ಒಯ್ಯಬೇಡಿ.