ಜಾತಕ ಓದೋಣ: ಶನಿ, ಕುಜ ಎದುರುಬದುರು ನಿಂತರೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರುವುದು ಗ್ರಹಗಳ ದೃಷ್ಟಿಯ ಬಗ್ಗೆ. ಯಾರು ಯಾರನ್ನು ನೋಡುತ್ತಿದ್ದಾರೆ, ನೋಡಿದರೆ ಏನಾಗುತ್ತದೆ ಎಂದು. ನಾಲ್ಕು ಪತ್ರ ಆರಿಸಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಮೊಮ್ಮಗ 2025ರ ಸೆಪ್ಟೆಂಬರ್ 5ರಂದು ಬೆಳಿಗ್ಗೆ 10 ಗಂಟೆಗೆ ಶಿವಮೊಗ್ಗದಲ್ಲಿ ಹುಟ್ಟಿದ. ಶ್ರವಣ ನಕ್ಷತ್ರ. ಜಾತಕ ಬರೆಸಲು ಹೋದಾಗ, ಶನಿ ಮತ್ತು ಕುಜ ಸಮಸಪ್ತಕದಲ್ಲಿದ್ದಾರೆ, ಪೆಟ್ಟು ಬೀಳುವ ಜಾತಕ, ಅಪ್ಪನಿಗೂ ಆಗಿಬರುವುದಿಲ್ಲ ಎಂದುಬಿಟ್ಟರು. ಅವತ್ತಿನಿಂದ ಸೊಸೆ ಸರಿಯಾಗಿ ಊಟ ಮಾಡುತ್ತಿಲ್ಲ. ಮಗುವಿಗೆ ನೆಗಡಿಯಾದರೂ ಎಲ್ಲರಿಗೂ ಅದೇ ಮಾತು ನೆನಪಾಗುತ್ತದೆ. ಏನು ಮಾಡಲಿ? (ಒಬ್ಬ ಅಜ್ಜಿ, ತೀರ್ಥಹಳ್ಳಿ)

ಉತ್ತರ: ಅಮ್ಮಾ, ನಿಮ್ಮ ಪತ್ರ ಬಂದ ಸಂಜೆಯೇ ಕೂತು ಕುಂಡಲಿ ಹಾಕಿದೆ. ಮೊದಲು ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಂದಿನದನ್ನು ಇಬ್ಬರೂ ಸೇರಿ ಓದಿ.

ಅವರು ಹೇಳಿದ ಒಂದು ವಿಷಯ ಸರಿ. ಆ ದಿನ ಕುಜ ಕನ್ಯಾದಲ್ಲಿದ್ದ, ಶನಿ ಮೀನದಲ್ಲಿದ್ದ. ಒಬ್ಬರಿಂದ ಒಬ್ಬರಿಗೆ ಎಣಿಸಿದರೆ ಏಳನೇ ಮನೆ, ಸಮಸಪ್ತಕ ಅಂದರೆ ಇದೇ. ಎಲ್ಲ ಗ್ರಹಗಳಿಗೂ ಏಳನೇ ದೃಷ್ಟಿ ಇದೆ, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಶಾಸ್ತ್ರದಲ್ಲಿ ಇದನ್ನು ಕಷ್ಟದ ದೃಷ್ಟಿ ಎಂದೇ ಹೇಳಿದ್ದಾರೆ. ಕುಜನಿಗೆ ಅವಸರ, ಶನಿಗೆ ನಿಧಾನ. ಒಬ್ಬ ಎತ್ತಿಗೆ ಬಾರುಕೋಲು ತೋರಿಸುತ್ತಾನೆ, ಇನ್ನೊಬ್ಬ ಮೂಗುದಾರ ಜಗ್ಗಿ ಹಿಡಿಯುತ್ತಾನೆ.

ಆದರೆ ಇದು ನಿಮ್ಮ ಮೊಮ್ಮಗನೊಬ್ಬನ ಜಾತಕದಲ್ಲಿ ಬಂದದ್ದಲ್ಲ. ಕುಜ 2025ರ ಜುಲೈ 28ಕ್ಕೆ ಕನ್ಯಾಕ್ಕೆ ಬಂದವನು ಸೆಪ್ಟೆಂಬರ್ 13ರ ತನಕ ಅಲ್ಲೇ ಇದ್ದ. 47 ದಿನ. ನಮ್ಮ ದೇಶದಲ್ಲಿ ದಿನಕ್ಕೆ ಸುಮಾರು 60 ಸಾವಿರ ಮಕ್ಕಳು ಹುಟ್ಟುತ್ತವೆ. ಅಂದರೆ ಭಾರತದಲ್ಲೇ 28 ಲಕ್ಷದಷ್ಟು ಮಕ್ಕಳಿಗೆ ಇದೇ ಸಮಸಪ್ತಕ ಇದೆ. 2023ರಲ್ಲಿ ಇದೇ ಜೋಡಿ ಸಿಂಹ, ಕುಂಭದಲ್ಲಿ ಎದುರಾಗಿತ್ತು. 2021ರಲ್ಲಿ ಕರ್ಕಾಟಕ, ಮಕರದಲ್ಲಿ. ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಬರುವ ಸಂಗತಿ ಇದು. ಇಷ್ಟೂ ಮಕ್ಕಳಿಗೆ ಒಂದೇ ಫಲ ಹೇಳುವುದು ಹೇಗೆ ಸಾಧ್ಯ, ನೀವೇ ಹೇಳಿ.

ಇನ್ನು ಡಿಗ್ರಿ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಜಾತಕ ಬರೆಯುವುದನ್ನು ಅಪ್ಪನಿಂದ ಕಲಿತೆ. ಬರೀ ಮನೆ ಎಣಿಸಿ ಫಲ ಹೇಳಿದರೆ ಅಪ್ಪ ಪೆನ್ಸಿಲ್ ಕಿತ್ತುಕೊಳ್ಳುತ್ತಿದ್ದರು. "ಒಂದು ರಾಶಿ ಅಂದರೆ 30 ಡಿಗ್ರಿ. ಬೀದಿಯ ಆ ತುದಿಯಲ್ಲಿದ್ದಾನೋ ಈ ತುದಿಯಲ್ಲಿದ್ದಾನೋ ನೋಡು" ಎನ್ನುತ್ತಿದ್ದರು. ಇವರಿಬ್ಬರೂ ಸರಿಯಾಗಿ 180 ಡಿಗ್ರಿಗೆ ಬಂದದ್ದು ಆಗಸ್ಟ್ 8, 9ರ ಹೊತ್ತಿಗೆ. ಮೊಮ್ಮಗ ಹುಟ್ಟುವಾಗ ಕುಜ ಕನ್ಯಾದ 24 ಡಿಗ್ರಿ ದಾಟಿದ್ದ. ಶನಿ ವಕ್ರನಾಗಿ, ಅಂದರೆ ಹಿಂದಕ್ಕೆ ಸರಿಯುತ್ತಾ, ಮೀನದ 5 ಡಿಗ್ರಿ ಆಸುಪಾಸಿನಲ್ಲಿದ್ದ. ನೇರ ಎದುರಿನಿಂದ 19 ಡಿಗ್ರಿಯಷ್ಟು ಸರಿದಾಗಿತ್ತು. ಮುಖಾಮುಖಿ ಮುಗಿದು, ಕುಜ ಆ ಮನೆಯಿಂದ ಹೊರಡುವ ಹೊತ್ತು. ಸಮಸಪ್ತಕ ಎಂಬ ಹೆಸರು ಉಳಿದಿದೆ, ಬಿಗಿ ಸಡಿಲವಾಗಿದೆ.

ಈಗ ಲಗ್ನ ನೋಡೋಣ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿ. ಮನೆಗಳನ್ನು ಅಲ್ಲಿಂದಲೇ ಎಣಿಸುವುದು. ಬೆಳಿಗ್ಗೆ 10 ಗಂಟೆಗೆ ಶಿವಮೊಗ್ಗದಲ್ಲಿ ತುಲಾ ಲಗ್ನ. ತುಲಾ ಲಗ್ನಕ್ಕೆ ಶನಿ ನಾಲ್ಕು ಮತ್ತು ಐದನೇ ಮನೆಗಳ ಒಡೆಯ, ಯೋಗಕಾರಕ, ಅಂದರೆ ಒಳ್ಳೆಯದು ಮಾಡುವವನು. ಈ ಲಗ್ನದವರಿಗೆ ಅವನಷ್ಟು ಬೇಕಾದ ಗ್ರಹ ಇನ್ನೊಂದಿಲ್ಲ. ಅವನು ಕೂತಿರುವುದು ಆರನೇ ಮನೆಯಲ್ಲಿ. ಮೂರು, ಆರು, ಹನ್ನೊಂದರಲ್ಲಿ ಶನಿ, ಕುಜರಂಥ ಪಾಪಗ್ರಹಗಳಿದ್ದರೆ ಒಳ್ಳೆಯದು ಎನ್ನುವುದು ಕಲಿಯುವ ಮಕ್ಕಳಿಗೂ ಗೊತ್ತಿರುವ ನಿಯಮ. ಇದನ್ನು ನಿಮಗೆ ಯಾರೂ ಹೇಳಲಿಲ್ಲವಲ್ಲ ಎಂದು ನನಗೆ ನಿಜವಾಗಿ ಬೇಸರವಾಯಿತು.

ಇನ್ನೊಂದು ವಿಷಯ. ಕುಜನಿಗೆ ಏಳರ ಜೊತೆ ನಾಲ್ಕು ಮತ್ತು ಎಂಟನೇ ದೃಷ್ಟಿಯೂ ಪೂರ್ತಿ ಇದೆ. ಶನಿಗೆ ಮೂರು ಮತ್ತು ಹತ್ತು. ಕನ್ಯಾದಿಂದ ನಾಲ್ಕು ಎಣಿಸಿದರೆ ಧನುಸ್ಸು. ಮೀನದಿಂದ ಹತ್ತು ಎಣಿಸಿದರೂ ಧನುಸ್ಸೇ. ಇಬ್ಬರ ಕಣ್ಣೂ ಒಂದೇ ಮನೆಯ ಮೇಲೆ ಬೀಳುತ್ತದೆ, ಹಾಗಾಗಿ ನಿಜವಾಗಿ ನೋಡಬೇಕಾದ್ದು ಆ ಮನೆಯನ್ನು. ತುಲಾಕ್ಕೆ ಅದು ಮೂರನೇ ಮನೆ: ಧೈರ್ಯ, ಸ್ವಂತ ಪ್ರಯತ್ನ, ಒಡಹುಟ್ಟಿದವರು. ಧನುಸ್ಸಿನ ಯಜಮಾನ ಗುರು ಆಗ ಮಿಥುನದಲ್ಲಿ ಕೂತು ಏಳನೇ ದೃಷ್ಟಿಯಿಂದ ತನ್ನ ಮನೆಯನ್ನೇ ನೋಡುತ್ತಿದ್ದ. ಇಬ್ಬರು ಜಗಳವಾಡುವ ಮನೆಗೆ ಯಜಮಾನನೇ ಬಂದು ಬಾಗಿಲಲ್ಲಿ ನಿಂತ ಹಾಗೆ. ಅದೇ ಗುರುವಿನ ಐದನೇ ದೃಷ್ಟಿ ನೇರವಾಗಿ ಲಗ್ನದ ಮೇಲಿದೆ.

ಅಪ್ಪನ ವಿಷಯಕ್ಕೆ ಒಂಬತ್ತನೇ ಮನೆ ನೋಡಬೇಕು. ಅಲ್ಲಿರುವವನು ಗುರುವೇ. ಪಿತೃಕಾರಕ ಸೂರ್ಯ ಸ್ವಂತ ಮನೆ ಸಿಂಹದಲ್ಲಿ, ಹನ್ನೊಂದರಲ್ಲಿ. ಜೊತೆಗೆ ಕೇತು ಇದ್ದಾನೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇಷ್ಟನ್ನು ನೋಡಿದ ಮೇಲೂ ಅಪ್ಪನಿಗೆ ಆಗಿಬರುವುದಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಸುಗೂಸಿನ ಮೇಲೆ ಅಂಥ ಮಾತನ್ನು ಯಾರೂ ಹೊರಿಸಬಾರದು.

ಹಾಗಾದರೆ ಏನೂ ತೊಂದರೆ ಇಲ್ಲವೇ? ಕುಜ ಹನ್ನೆರಡರಲ್ಲಿದ್ದಾನೆ, ಅವನ ಪಾಲಿಗೆ ಅದು ಅಷ್ಟು ಒಳ್ಳೆಯ ಜಾಗವಲ್ಲ. ಹುಡುಗನಿಗೆ ಸ್ವಲ್ಪ ಸಿಟ್ಟು, ರಾತ್ರಿ ಸರಿಯಾಗಿ ನಿದ್ದೆ ಮಾಡದಿರುವುದು, ಹೀಗೆಲ್ಲ ನಾನು ಓದುತ್ತೇನೆ. ಶ್ರವಣದಲ್ಲಿ ಹುಟ್ಟಿದ್ದರಿಂದ ಮೊದಲು ಚಂದ್ರ ದಶೆ, ಅಂದರೆ ಚಂದ್ರನ ಪ್ರಭಾವ ನಡೆಯುವ ಅವಧಿ. ಹುಟ್ಟುವಾಗ ಅದು ಐದು ವರ್ಷದ ಮೇಲೆ ಬಾಕಿ ಇತ್ತು. ಆರನೇ ವಯಸ್ಸಿನ ಹೊತ್ತಿಗೆ ಕುಜ ದಶೆ ಶುರುವಾಗಿ ಏಳು ವರ್ಷ ಇರುತ್ತದೆ. ಆಗ ಅವನನ್ನು ಮೈದಾನಕ್ಕೆ ಬಿಡಿ, ಈಜು ಕಲಿಸಿ, ಕಬಡ್ಡಿಗೆ ಸೇರಿಸಿ. ಶನಿ ದಶೆ ಬರುವಾಗ ಅವನಿಗೆ 47ರ ಹತ್ತಿರ ವಯಸ್ಸು. ಮಕರ ರಾಶಿಯ ಸಾಡೇಸಾತಿ, ಅಂದರೆ ಶನಿಯ ಏಳೂವರೆ ವರ್ಷದ ಕಾಟ, 2025ರ ಮಾರ್ಚ್‌ನಲ್ಲೇ ಮುಗಿದಿದೆ, ಅದೂ ಈಗ ಇಲ್ಲ.

ನೆಗಡಿ ಬಂದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಲಸಿಕೆ ಒಂದೂ ತಪ್ಪಿಸಬೇಡಿ. ಸೊಸೆಯ ನಿದ್ದೆ, ಊಟ ಇನ್ನೂ ಸರಿಹೋಗದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಹೆರಿಗೆಯಾದ ಮೇಲೆ ತುಂಬಾ ತಾಯಂದಿರಿಗೆ ಮನಸ್ಸು ಕುಗ್ಗುತ್ತದೆ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಪ್ರಶ್ನೆ: ನನಗೆ 28 ವರ್ಷ. ಮಿಥುನ ಲಗ್ನ, ಎಂಟರಲ್ಲಿ ಕುಜ. ಎರಡು ಕಡೆ ಹುಡುಗ ಒಪ್ಪಿದ ಮೇಲೆ ಜಾತಕ ನೋಡಿ ಬೇಡವೆಂದರು. ಎಂಟರ ಕುಜ ಅಂದರೆ ಗಂಡನ ಆಯಸ್ಸಿಗೆ ಕುತ್ತು ಎಂದು ನೆಂಟರೊಬ್ಬರು ನನ್ನೆದುರೇ ಹೇಳಿದರು. (ದಾವಣಗೆರೆ)

ಉತ್ತರ: ನಿನ್ನ ಪತ್ರ ಓದುವಾಗ ನನ್ನ ಅಕ್ಕ ಕಣ್ಣ ಮುಂದೆ ಬಂದಳು. ಅವಳ ಜಾತಕ ಏಳು ಕಡೆಯಿಂದ ವಾಪಸ್ ಬಂದಿತ್ತು. ಎಂಟನೆಯ ಸಲ ಅಪ್ಪ, ತಾವೇ ಜಾತಕ ನೋಡುವವರು, ಹುಡುಗನ ಮನೆಯವರ ಎದುರು ಕಾಗದ ಪೆನ್ಸಿಲ್ ಇಟ್ಟುಕೊಂಡು ಲೆಕ್ಕ ಮಾಡಿ ತೋರಿಸಿದರು. ಆ ಲೆಕ್ಕವನ್ನೇ ನಿನಗೆ ಕೊಡುತ್ತೇನೆ.

ನಮ್ಮ ಕಡೆ ಎರಡು, ನಾಲ್ಕು, ಏಳು, ಎಂಟು, ಹನ್ನೆರಡರಲ್ಲಿ ಕುಜ ಇದ್ದರೆ ದೋಷ ಎನ್ನುತ್ತಾರೆ. ಹನ್ನೆರಡು ಮನೆಗಳಲ್ಲಿ ಐದು. ಅಂದರೆ ಲಗ್ನದಿಂದ ಮಾತ್ರ ಎಣಿಸಿದರೂ ನೂರಕ್ಕೆ 42 ಜನರಿಗೆ ಬರುತ್ತದೆ. ಉತ್ತರದ ಕಡೆ ಎರಡನ್ನು ಬಿಟ್ಟು ಲಗ್ನವನ್ನು ಸೇರಿಸುತ್ತಾರೆ. ಹಾಗಾಗಿ ಇಲ್ಲಿ ದೋಷ ಇದ್ದ ಕೆಲವರಿಗೆ ಅಲ್ಲಿ ಇಲ್ಲ, ಅಲ್ಲಿ ಇದ್ದ ಕೆಲವರಿಗೆ ಇಲ್ಲಿ ಇಲ್ಲ! ಸಾಲದು ಎಂದು ಚಂದ್ರನಿಂದ, ಶುಕ್ರನಿಂದಲೂ ಎಣಿಸುತ್ತಾರೆ. ಮೂರು ಕಡೆಯಿಂದಲೂ ತಪ್ಪಿಸಿಕೊಳ್ಳಬೇಕು ಅಂದರೆ ಹನ್ನೆರಡರಲ್ಲಿ ಏಳು, ಅದನ್ನು ಮೂರು ಸಲ ಗುಣಿಸು. 1728ರಲ್ಲಿ 343. ನೂರಕ್ಕೆ 20. ಉಳಿದ 80 ಜನರಿಗೆ ಯಾವುದಾದರೂ ಒಂದು ಕಡೆಯಿಂದ ಕುಜದೋಷ ಇದ್ದೇ ಇದೆ. ನಿನ್ನನ್ನು ಬೇಡವೆಂದವರ ಮನೆಯಲ್ಲೂ ಇದೆ.

ಇನ್ನು ನಿನ್ನ ಜಾತಕ. ಮಿಥುನಕ್ಕೆ ಎಂಟನೇ ಮನೆ ಮಕರ. ಮಕರ ಕುಜನ ಉಚ್ಚ ಸ್ಥಾನ, ಅವನಿಗೆ ಜಾಸ್ತಿ ಬಲ ಇರುವ ರಾಶಿ. ಸ್ವಕ್ಷೇತ್ರದಲ್ಲೋ ಉಚ್ಚದಲ್ಲೋ ಇರುವ ಕುಜನಿಗೆ ದೋಷ ಹಿಡಿಯಬಾರದು ಎಂದು ದೋಷ ಹೇಳುವವರೇ ಒಪ್ಪುತ್ತಾರೆ. ಅಲ್ಲಿಂದ ಅವನ ನಾಲ್ಕನೇ ದೃಷ್ಟಿ ಬೀಳುವುದು ತನ್ನದೇ ಮೇಷದ ಮೇಲೆ, ಅದು ನಿನಗೆ ಲಾಭಸ್ಥಾನ. ಏಳನೇ ದೃಷ್ಟಿ ಎರಡನೇ ಮನೆ ಕರ್ಕಾಟಕದ ಮೇಲಿದೆ. ಎರಡು ಅಂದರೆ ಮಾತು. ಮಾತು ನೇರ, ಸ್ವಲ್ಪ ಖಾರ ಇರಬಹುದು. ಅದನ್ನು ತಾಳಿಕೊಳ್ಳುವ ಹುಡುಗ ಸಿಗಲಿ.

ಆ ನೆಂಟರಿಗೆ ಉತ್ತರ ಕೊಡುವ ಜವಾಬ್ದಾರಿ ನಿನ್ನದಲ್ಲ, ಮನೆಯ ಹಿರಿಯರದು. ಈ ಪುಟವನ್ನು ಅವರ ಕೈಗೆ ಕೊಡು. ಅಕ್ಕನ ಮದುವೆ ಆ ಎಂಟನೇ ಮನೆಯವರ ಜೊತೆಗೇ ಆಯಿತು. ಭಾವನಿಗೆ ಈಗ 76. ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ ಬರುತ್ತಾರೆ.

ಪ್ರಶ್ನೆ: ಮಗನಿಗೆ ಕಾಳಸರ್ಪ ದೋಷ ಇದೆ, ಶಾಂತಿಗೆ 35 ಸಾವಿರ ಆಗುತ್ತದೆ ಎಂದಿದ್ದಾರೆ. ಬಳೆ ಅಡ ಇಡಬೇಕಾಗುತ್ತದೆ. ಜಾತಕದ ಫೋಟೋ ಕಳಿಸಿದ್ದೇನೆ. (ಹಾಸನ)

ಉತ್ತರ: ಬಳೆ ಅಡ ಇಡಬೇಡಿ. ಏಳು ಗ್ರಹಗಳೂ ರಾಹು, ಕೇತುಗಳ ಒಂದೇ ಪಕ್ಕದಲ್ಲಿ ಸಿಕ್ಕಿದ್ದರೆ ಮಾತ್ರ ಆ ಹೆಸರು. ನಿಮ್ಮ ಫೋಟೋದಲ್ಲಿ ಚಂದ್ರ ಆಚೆ ಪಕ್ಕದಲ್ಲಿದ್ದಾನೆ. ಅವರದೇ ಲೆಕ್ಕದಲ್ಲೂ ಇದು ಕಾಳಸರ್ಪವಲ್ಲ. ಜೊತೆಗೆ, ವರಾಹಮಿಹಿರನ ಹಳೆಯ ಜ್ಯೋತಿಷ ಗ್ರಂಥ ಬೃಹಜ್ಜಾತಕದಲ್ಲಿ ಇಂಥ ಯೋಗವೇ ಇಲ್ಲ. ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಬೇಕು ಎಂದು ಮನಸ್ಸಿದ್ದರೆ ಮಗನನ್ನು ಕರೆದುಕೊಂಡು ಹೋಗಿ, ದೇವರಿಗೆ ಕೈಮುಗಿದು, ಊಟ ಮಾಡಿ ಬನ್ನಿ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ನನಗೆ 'ಟಿ-ಸ್ಕ್ವೇರ್' ಇದೆ ಎಂದು ಕೆಂಪು ಗೆರೆ ಬರುತ್ತದೆ. ಸೂರ್ಯ, ಶನಿ ಎದುರುಬದುರು, ಮಧ್ಯೆ ಚಂದ್ರ. ಬದುಕಿಡೀ ಒತ್ತಡ ಎಂದು ಬರೆದಿದೆ. ಅಜ್ಜ ಬರೆಸಿದ ಜಾತಕದಲ್ಲಿ ಇಂಥದ್ದೇನೂ ಇಲ್ಲ. ಯಾವುದನ್ನು ನಂಬಲಿ? (ಬೆಂಗಳೂರು)

ಉತ್ತರ: ಎರಡೂ ಬೇರೆ ಬೇರೆ ಅಳತೆಗೋಲು. ಪಶ್ಚಿಮದವರು ಡಿಗ್ರಿಯಲ್ಲಿ ಅಳೆಯುತ್ತಾರೆ. ಎರಡು ಗ್ರಹ 180 ಡಿಗ್ರಿಯಲ್ಲಿದ್ದು, ಮೂರನೆಯದು ಎರಡಕ್ಕೂ 90 ಡಿಗ್ರಿಯಲ್ಲಿದ್ದರೆ ಗೆರೆ ಎಳೆದಾಗ ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುತ್ತದೆ. ಅವರದು ಸಾಯನ ಪದ್ಧತಿ, ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮವಾಗುವ ದಿನ ಸೂರ್ಯ ಇರುವ ಜಾಗದಿಂದ ರಾಶಿ ಎಣಿಸುತ್ತಾರೆ. ನಮ್ಮದು ನಿರಯನ, ನಕ್ಷತ್ರಗಳನ್ನು ಹಿಡಿದು ಎಣಿಸುತ್ತೇವೆ. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ. ಅದಕ್ಕೇ ಆ್ಯಪ್‌ನ ರಾಶಿ ಅಜ್ಜನ ಜಾತಕದ ರಾಶಿಗೆ ಹೊಂದುವುದಿಲ್ಲ. ಗ್ರಹಗಳ ನಡುವಿನ ಅಂತರ ಮಾತ್ರ ಎರಡರಲ್ಲೂ ಒಂದೇ.

90 ಡಿಗ್ರಿಯ ಬಗ್ಗೆ ನಮ್ಮಲ್ಲಿ ಬೇರೆಯೇ ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದ ಲೆಕ್ಕ. ಬೃಹಜ್ಜಾತಕದ ಪ್ರಕಾರ ದೃಷ್ಟಿಗೆ ತೂಕ ಇದೆ. ಮೂರು, ಹತ್ತನೇ ಮನೆಗೆ ಕಾಲು ದೃಷ್ಟಿ. ಐದು, ಒಂಬತ್ತಕ್ಕೆ ಅರ್ಧ. ನಾಲ್ಕು, ಎಂಟಕ್ಕೆ ಮುಕ್ಕಾಲು. ಏಳಕ್ಕೆ ಪೂರ್ತಿ. ಅಂದರೆ ನಿಮ್ಮ ಟಿ ಆಕಾರದಲ್ಲಿ ಚಂದ್ರನಿಂದ ಒಬ್ಬ ನಾಲ್ಕರಲ್ಲಿ, ಇನ್ನೊಬ್ಬ ಹತ್ತರಲ್ಲಿ. ಒಂದು ಕಡೆ ಚಂದ್ರನ ನೋಟ ಮುಕ್ಕಾಲು, ಇನ್ನೊಂದು ಕಡೆ ಬರೀ ಕಾಲು. ಎರಡೂ ಗೆರೆ ಒಂದೇ ದಪ್ಪ ಅಲ್ಲ. ಶನಿಗೆ ಮಾತ್ರ ಹತ್ತನೇ ದೃಷ್ಟಿ ಪೂರ್ತಿ. ಹಾಗಾಗಿ ಶನಿಯಿಂದ ಚಂದ್ರ ಹತ್ತರಲ್ಲಿದ್ದಾನೋ ನಾಲ್ಕರಲ್ಲಿದ್ದಾನೋ ನೋಡಿ ನನಗೆ ಬರೆಯಿರಿ. ಹತ್ತರಲ್ಲಿದ್ದರೆ ಶನಿಯ ನೋಟ ಪೂರ್ತಿ ಚಂದ್ರನ ಮೇಲಿರುತ್ತದೆ, ಆಗ ಮನಸ್ಸು ಬೇಗ ಭಾರವಾಗುವ ಸ್ವಭಾವ ಎಂದು ಓದುತ್ತೇವೆ. ನಾಲ್ಕರಲ್ಲಿದ್ದರೆ ಆ ಮಾತು ಅಷ್ಟು ಜೋರಾಗಿ ಹೇಳಲು ಬರುವುದಿಲ್ಲ.

ಇನ್ನೊಂದು ಹೇಳಬೇಕು. ಸೂರ್ಯನಿಂದ ಚಂದ್ರ 90 ಡಿಗ್ರಿ ಅಂದರೆ ನೀವು ಅಷ್ಟಮಿಯ ಆಸುಪಾಸಿನಲ್ಲಿ ಹುಟ್ಟಿದ್ದೀರಿ, ಆಕಾಶದಲ್ಲಿ ಸರಿಯಾಗಿ ಅರ್ಧ ಚಂದ್ರ. ಶನಿ ಸೂರ್ಯನಿಗೆ ಎದುರಾಗಿದ್ದ ಅಂದರೆ ಸೂರ್ಯ ಮುಳುಗುವಾಗ ಅವನು ಹುಟ್ಟಿ ರಾತ್ರಿಯಿಡೀ ಆಕಾಶದಲ್ಲಿದ್ದ. ವರ್ಷದಲ್ಲೇ ಅವನು ಜಾಸ್ತಿ ಬೆಳಗುವ ಹೊತ್ತು ಅದು. ಆ್ಯಪ್‌ನ ಕೆಂಪು ಗೆರೆಯ ಹಿಂದೆ ಇದ್ದದ್ದು ಇಂಥ ಒಂದು ರಾತ್ರಿ. 2026ರ ಅಕ್ಟೋಬರ್ 4ರ ಹೊತ್ತಿಗೆ ಶನಿ ಮತ್ತೆ ಸೂರ್ಯನಿಗೆ ಎದುರು ಬರುತ್ತಾನೆ. ಮೋಡ ಇಲ್ಲದಿದ್ದರೆ ರಾತ್ರಿ ಎಂಟು ಗಂಟೆಗೆ ತಾರಸಿ ಹತ್ತಿ ಪೂರ್ವಕ್ಕೆ ನೋಡಿ. ಮಿನುಗದೆ ನಿಂತ ಹಳದಿ ಚುಕ್ಕಿ ಕಾಣುತ್ತದೆ. ಅಜ್ಜ ಇದ್ದರೆ ಅವರನ್ನೂ ಕೈಹಿಡಿದು ಕರೆದುಕೊಂಡು ಹೋಗಿ.